ಪರದೇಶಿಯ ಕೈಯಲ್ಲಿರುವ ಕಾಗದ



ಜೋಸೆಫರು ತುಂಬು ಗರ್ಭಿಣಿ ಮರಿಯಮ್ಮನವರೊಡನೆ ಬೆತ್ಲೆಹೇಮಿಗೆ ಹೋದದ್ದು ಜನಗಣತಿಯಲ್ಲಿ ಹೆಸರು ಬರೆಸಲು. ಮುಂದೆ ಅದೇ ಕುಟುಂಬ ಹೆರೋದನಿಗೆ ಅಂಜಿ ರಾತ್ರೋರಾತ್ರಿ ಈಜಿಪ್ಟಿಗೆ ಓಡಬೇಕಾಯಿತು. ತವರಿನ ದಾಖಲೆಯಲ್ಲಿ ಹೆಸರಿದ್ದವರು ಪರನಾಡಿನಲ್ಲಿ ಗುರುತಿಲ್ಲದವರಾದರು. ನಿರಾಶ್ರಿತರ ಸಂಕಟ ಇಂದಿಗೂ ಇದೇ.

ದೂರ ಹೋಗಬೇಕಿಲ್ಲ. 1959ರ ನಂತರ ತಾಯ್ನಾಡು ತೊರೆದು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲ ಕೊಟ್ಟಿತು. ನೆಲ ಸಿಕ್ಕಿತು, ಆದರೆ ಬದುಕು ನಿಂತಿರುವುದು ನೋಂದಣಿ ಪತ್ರದ ಮೇಲೆ. ಅದನ್ನು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಸರ್ಕಾರ ಕೊಡುವ ಬೇರೆ ಗುರುತಿನ ಪುಸ್ತಕ ಬೇಕು.

1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯ ಪೌರರೆಂದು ಪೌರತ್ವ ಕಾಯ್ದೆ ಹೇಳುತ್ತದೆ. ಇದು ಟಿಬೆಟನ್ನರಿಗೂ ಸಲ್ಲುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟವು. ಆದರೆ ಹುಟ್ಟಿದ ದಿನಕ್ಕೂ ಊರಿಗೂ ಆಧಾರ ತೋರಿಸಲಾಗದವನಿಗೆ ಆ ತೀರ್ಪಿನಿಂದ ಏನು ಫಲ?

ಕಾಗದದ ಬೆಲೆ ನಮಗೆ ಹೊಸದಲ್ಲ. ಮದುವೆಗೆಂದು ಧರ್ಮಕೇಂದ್ರಕ್ಕೆ ಹೋದಾಗ ಗುರುಗಳು ಮೊದಲು ಕೇಳುವುದು ಜ್ಞಾನಸ್ನಾನದ ಪತ್ರವನ್ನೇ ಅಲ್ಲವೇ?

1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳು ಸಮಾನತೆ ಹಾಗೂ ಜೀವದ ರಕ್ಷಣೆಯನ್ನು ಪೌರನಿಗೆ ಮಾತ್ರವಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿವೆ. ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

ಹಾಗಾದರೆ ನಾವೇನು ಮಾಡಬಹುದು? ನೆರೆಯಲ್ಲಿ ಅಂಥ ಕುಟುಂಬವಿದ್ದರೆ, ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಲು ನೆನಪಿಸಿರಿ. ಅದು ಪೌರತ್ವ ಕೊಡದು, ಆದರೆ ಮಗುವಿಗೆ ಹೆಸರನ್ನೂ ದಿನಾಂಕವನ್ನೂ ಕೊಡುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆಂದು ತಿಳಿಸಿರಿ. ಎಲ್ಲ ಪತ್ರಗಳಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಕೂತು ನೋಡಿರಿ. ಮೂಲ ಪತ್ರವನ್ನು ದಲ್ಲಾಳಿಯ ಕೈಗೆ ಕೊಡದಂತೆ ಎಚ್ಚರಿಸಿರಿ. ಕೋರ್ಟಿನ ವ್ಯವಹಾರ ಬಂದರೆ ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು.

ಬರಮಾಡಿಕೊಳ್ಳುವುದು, ರಕ್ಷಿಸುವುದು, ಬೆಳೆಸುವುದು, ಬೆರೆಸಿಕೊಳ್ಳುವುದು – 2018ರ ವಲಸಿಗರ ದಿನದ ಸಂದೇಶದಲ್ಲಿ ದಿವಂಗತ ಪೋಪ್ ಫ್ರಾನ್ಸಿಸರು ನಮ್ಮ ಮುಂದಿಟ್ಟ ನಾಲ್ಕು ಕರ್ತವ್ಯಗಳಿವು. ಪರದೇಶಿಗೆ ಒಂದು ಹೊತ್ತಿನ ಊಟ ಬಡಿಸುವುದು ಪುಣ್ಯವೇ. ಅವನೊಂದಿಗೆ ಕಚೇರಿಯ ಸಾಲಿನಲ್ಲಿ ಅರ್ಧ ದಿನ ನಿಲ್ಲುವುದೂ ಪುಣ್ಯವೇ. ಅಂತಿಮ ತೀರ್ಪಿನ ದಿನ ಪ್ರಭು ಆ ಅರ್ಧ ದಿನವನ್ನು ಮರೆಯಲಾರರು.