ತೋಮನಿಲ್ಲದ ಆ ಸಂಜೆ

(ಮಂಗಳೂರಿನ ಒಂದು ಮನೆ. ಭಾನುವಾರ ಮಧ್ಯಾಹ್ನ. ದೇವಶಾಸ್ತ್ರ ಪಾಠ ಹೇಳಿ ನಿವೃತ್ತರಾದ ದೊಡ್ಡಮ್ಮ ಆರಾಧನೆ ಮುಗಿಸಿ ಬಂದಿದ್ದಾರೆ. ನರ್ಸ್ ಆಗಿರುವ ಅವರ ತಂಗಿಯ ಮಗಳು ಈಗಷ್ಟೇ ನಿದ್ದೆಯಿಂದ ಎದ್ದಿದ್ದಾಳೆ.)

ಮಗಳು: ನೀವು ಕೇಳುವ ಮೊದಲೇ ಹೇಳ್ತೇನೆ ದೊಡ್ಡಮ್ಮ, ಈ ವಾರವೂ ಚರ್ಚಿಗೆ ಹೋಗಲಿಲ್ಲ. ಹಾಗಂತ ದೇವರನ್ನು ಬಿಟ್ಟಿಲ್ಲ. ಐಸಿಯುನಲ್ಲಿ ರಾತ್ರಿ ಎರಡು ಗಂಟೆಗೆ ರೋಗಿಯ ಕೈ ಹಿಡಿದು ಪ್ರಾರ್ಥಿಸುವಾಗ ದೇವರು ಎಷ್ಟು ಹತ್ತಿರ ಅನಿಸ್ತದೋ, ಅಷ್ಟು ಹತ್ತಿರ ಬೆಂಚಿನ ಮೇಲೆ ಕೂತಾಗ ಅನಿಸಿಲ್ಲ.

ದೊಡ್ಡಮ್ಮ: ಆ ಪ್ರಾರ್ಥನೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಡ್ಯೂಟಿ ಬಿಟ್ಟು ಬಾ ಅಂತಲೂ ಹೇಳುವುದಿಲ್ಲ. ನಾನು ಕೇಳುವುದು ರಜೆ ಇರುವ ಭಾನುವಾರಗಳ ಬಗ್ಗೆ.

ಮಗಳು: ಆಗ ಫೋನಿನಲ್ಲೇ ಪ್ರಸಂಗ ಕೇಳ್ತೇನೆ. 2020ರಲ್ಲಿ ನೀವೂ ಹಾಗೇ ಮಾಡಿದ್ದಲ್ವಾ?

ದೊಡ್ಡಮ್ಮ: ಮಾಡಿದ್ದೆ. ದೇವಾಲಯದ ಬಾಗಿಲು ಮುಚ್ಚಿದ್ದಾಗ ಅದು ದೊಡ್ಡ ಉಪಕಾರ. ಹಾಸಿಗೆ ಹಿಡಿದವರಿಗೆ ಇವತ್ತಿಗೂ ಉಪಕಾರವೇ. ಆದರೆ ಫೋನಿನಲ್ಲಿ ಬೇಡದ ಮಾತು ಬಂದರೆ ಮುಂದಕ್ಕೆ ಸರಿಸಬಹುದು. ನೀನು ಎದ್ದು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಜರ್ಮನ್ ಪಾದ್ರಿ ಬೊನ್‌ಹೋಫರ್ ನಡೆಸುತ್ತಿದ್ದ ಫಿಂಕೆನ್‌ವಾಲ್ಡೆಯ ಸೆಮಿನರಿಯನ್ನು 1937ರಲ್ಲಿ ನಾಜಿ ಪೊಲೀಸರು ಮುಚ್ಚಿಸಿದರು. ಅಲ್ಲಿ ಕೂಡಿ ಬಾಳಿದ್ದನ್ನು ನೆನೆದು ಅವರು ಬರೆದ ಪುಸ್ತಕದಲ್ಲಿ ಒಂದು ವಿಚಾರ ಬರುತ್ತದೆ: ನಮ್ಮೊಳಗಿನ ಕ್ರಿಸ್ತನ ಬಗ್ಗೆ ನಮಗೇ ಅನುಮಾನ ಬರುವ ದಿನಗಳಿರುತ್ತವೆ, ಆಗ ಪಕ್ಕದವರ ಬಾಯಿಂದ ಬರುವ ವಾಕ್ಯವೇ ಗಟ್ಟಿ. ಆ ಪಕ್ಕದವರು ಫೋನಿನಲ್ಲಿ ಸಿಗುವುದಿಲ್ಲ.

ಮಗಳು: ಪಕ್ಕದಲ್ಲಿ ಕೂತರೂ ನನಗೆ ಏನೂ ಅನಿಸುವುದಿಲ್ಲವಲ್ಲ. ಅದೇ ಪಾಪನಿವೇದನೆ, ಅದೇ ಸಂಗೀತಗಳು. ಮನಸ್ಸಿಲ್ಲದೆ ಬಾಯಿ ಆಡಿಸುವುದು ದೇವರಿಗೆ ಮಾಡುವ ಮೋಸ ಅಲ್ವಾ?

ದೊಡ್ಡಮ್ಮ: ನಿನ್ನ ದೊಡ್ಡಪ್ಪ ತೀರಿಹೋದ ಮೇಲೆ ನನಗೆ ಹಾಡಲು ಆಗುತ್ತಿರಲಿಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನವರ ಕಾಲದಿಂದ ಉಳಿದ ಜರ್ಮನ್ ರಾಗಗಳು, ನಾಲ್ಕು ದನಿಯಲ್ಲಿ ಹಾಡುವಂಥವು, ನನ್ನದು ಆಲ್ಟೊ. ಪುಸ್ತಕ ಬಿಡಿಸಿ ನಿಂತರೆ ಗಂಟಲು ಕಟ್ಟುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳಲಿಲ್ಲ. ನನ್ನ ಪುಸ್ತಕದ ಹಾಳೆಯನ್ನೂ ಅವಳೇ ತಿರುವುತ್ತಿದ್ದಳು, ನನ್ನ ದನಿಯ ಪಾಲನ್ನು ಸ್ವಲ್ಪ ಗಟ್ಟಿಯಾಗಿಯೇ ಹಾಡುತ್ತಿದ್ದಳು. ನಾನು ನಂಬಲಾರದ ಮಾತುಗಳನ್ನು ನನ್ನ ಪರವಾಗಿ ಸಭೆ ಹಾಡಿತು. ಅದನ್ನು ಮೋಸ ಅಂತ ಹೇಗೆ ಹೇಳಲಿ? ತೋಮನನ್ನೇ ನೋಡು.

ಮಗಳು: ಸಂಶಯಪಟ್ಟ ತೋಮ.

ದೊಡ್ಡಮ್ಮ: ಎಲ್ಲರೂ ಅವನ ಸಂಶಯವನ್ನೇ ನೆನೆಸುತ್ತಾರೆ. ಯೋಹಾನನ ಸುವಾರ್ತೆ ಅದಕ್ಕಿಂತ ಮೊದಲು ಹೇಳುವುದು, ಪುನರುತ್ಥಾನದ ಆ ಸಂಜೆ ಅವನು ಕೂಟದಲ್ಲಿ ಇರಲಿಲ್ಲ ಅಂತ. ಕಾರಣ ಹೇಳಿಲ್ಲ, ನಿನ್ನ ಹಾಗೆ ದಣಿದಿದ್ದನೋ ಏನೋ. ಬಂದ ಮೇಲೆ ಉಳಿದವರು ಕರ್ತನನ್ನು ಕಂಡೆವು ಅಂತ ಹೇಳಿದರೂ ನಂಬಲಿಲ್ಲ. ಎಂಟು ದಿನ ಕಳೆಯಿತು. ಕರ್ತನು ಅವನೊಬ್ಬನಿಗೇ ದಾರಿಯಲ್ಲಿ ಕಾಣಿಸಿಕೊಳ್ಳಬಹುದಿತ್ತು, ಆದರೆ ಅವನು ಮತ್ತೆ ಆ ಕೂಟದೊಳಗೆ ಬಂದು ಕೂರುವ ತನಕ ಕಾದನು. ತೋಮ ಅಲ್ಲಿಗೆ ನಂಬಿಕೆ ಇಟ್ಟುಕೊಂಡು ಬರಲಿಲ್ಲ ಮಗಳೇ, ಸಂಶಯ ಇಟ್ಟುಕೊಂಡೇ ಬಂದ. ಕರ್ತನನ್ನು ಕಂಡಿದ್ದವರೂ ಅವನನ್ನು ಹೊರಗೆ ಹಾಕಲಿಲ್ಲ.

ಮಗಳು: ನಮ್ಮವರು ಅಷ್ಟು ಒಳ್ಳೆಯವರಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಸಭೆಯಿಂದ ಒಬ್ಬರೂ ಬರಲಿಲ್ಲ. ಆದರೆ ಗೇಟಿನ ಹತ್ತಿರ ನನ್ನ ಮದುವೆ ಯಾವಾಗ ಅಂತ ಕೇಳಲು ಎಲ್ಲರಿಗೂ ಪುರುಸೊತ್ತು.

ದೊಡ್ಡಮ್ಮ: ಅದು ತಪ್ಪು. ಸಬೂಬು ಹೇಳುವುದಿಲ್ಲ. ಆದರೆ ನಜರೇತಿನ ಸಭಾಮಂದಿರ ಎಂಥದ್ದಾಗಿತ್ತು? ಯೇಸು ಸಬ್ಬತ್ ದಿನ ವಾಡಿಕೆಯಂತೆ ಅಲ್ಲಿಗೆ ಹೋದನು ಅಂತ ಲೂಕ ಬರೆಯುತ್ತಾನೆ. ಆವತ್ತೇ ಅಲ್ಲಿದ್ದವರು ಸಿಟ್ಟಿಗೆದ್ದು, ಗುಡ್ಡದ ಕಡಿದಾದ ಅಂಚಿನಿಂದ ಕೆಡವಲು ಅವನನ್ನು ಎಳೆದುಕೊಂಡು ಹೋದರು. ಅವರ ಮನಸ್ಸು ಬಲ್ಲವನೇ ಅವರ ನಡುವೆ ಕೂತಿದ್ದ. ಅಷ್ಟಾದ ಮೇಲೂ ಕಪೆರ್ನೌಮಿಗೆ ಹೋಗಿ ಮತ್ತೆ ಸಬ್ಬತ್ತಿನಲ್ಲಿ ಬೋಧಿಸಿದ. ಒಂದು ಸಭೆಯಲ್ಲಿ ಉಸಿರು ಕಟ್ಟಿದರೆ ಇನ್ನೊಂದಕ್ಕೆ ಹೋಗು, ನಾನು ತಡೆಯುವುದಿಲ್ಲ. ಆದರೆ ಕಾಯಿಲೆಯವರ ಮನೆಗೆ ಯಾರೂ ಹೋಗದಿದ್ದರೆ ಹೇಗಿರುತ್ತದೆಂದು ಬಲ್ಲವರೆಲ್ಲ ಮನೆಯಲ್ಲೇ ಕೂತರೆ, ಮುಂದಿನ ಸಲ ಯಾರ ಅಮ್ಮನನ್ನು ನೋಡಲು ಯಾರು ಹೋಗುತ್ತಾರೆ?

ಮಗಳು: (ಸ್ವಲ್ಪ ಹೊತ್ತಿನ ಮೇಲೆ) ಹಾಗಾದರೆ ಚರ್ಚ್ ಕಟ್ಟಡ, ಪಾದ್ರಿ ಇಲ್ಲದಿದ್ದರೆ ನಂಬಿಕೆಯೇ ಉಳಿಯುವುದಿಲ್ಲ ಅಂತಲಾ?

ದೊಡ್ಡಮ್ಮ: ಉಳಿಯುತ್ತದೆ. ಜಪಾನಿನಲ್ಲಿ ಉಳಿಯಿತು. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಿದರು. ಪಾದ್ರಿಗಳನ್ನು ಓಡಿಸಿದರು, ಕೊಂದರು. ನಾಗಸಾಕಿಯ ಸುತ್ತಲಿನ ರೈತರು, ಮೀನುಗಾರರು ಅಡಗಿಕೊಂಡೇ ನಂಬಿಕೆ ನಡೆಸಿದರು. ಹೇಗೆ ಗೊತ್ತಾ? ಹಳ್ಳಿಯಲ್ಲಿ ಒಬ್ಬನಿಗೆ ದೀಕ್ಷಾಸ್ನಾನ ಕೊಡುವ ಕೆಲಸ. ಇನ್ನೊಬ್ಬನಿಗೆ ಪಂಚಾಂಗ ಕಾಯುವ ಕೆಲಸ: ಭಾನುವಾರ ಯಾವತ್ತು, ಹಬ್ಬ ಯಾವತ್ತು ಅಂತ ಲೆಕ್ಕ ಇಡಬೇಕು. ಮತ್ತೊಬ್ಬ ಅದನ್ನು ಮನೆಮನೆಗೆ ಗುಟ್ಟಾಗಿ ತಿಳಿಸಬೇಕು. 1865ರಲ್ಲಿ ನಾಗಸಾಕಿಯ ಔರದ ಹೊಸ ಚರ್ಚಿಗೆ ಹತ್ತಿರದ ಉರಕಾಮಿ ಹಳ್ಳಿಯ ಒಂದು ಗುಂಪು ಬಂದು, ಪಾದ್ರಿ ಪೆಟಿಜಾನ್ ಅವರ ಕಿವಿಯಲ್ಲಿ ನಾವೂ ನಿಮ್ಮವರೇ ಅಂದಿತು. ಇನ್ನೂರೈವತ್ತು ವರ್ಷ! ಕಟ್ಟಡವಿಲ್ಲ, ಗುರುಗಳಿಲ್ಲ, ಆದರೆ ಕೂಡುವ ದಿನವನ್ನು ಕೈಬಿಡಲಿಲ್ಲ. ಒಬ್ಬೊಬ್ಬರೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಮೊಮ್ಮಕ್ಕಳವರೆಗೂ ಬರುತ್ತಿರಲಿಲ್ಲ ಅಂತ ನನಗೆ ಖಾತ್ರಿಯಿದೆ.

ಮಗಳು: ಮುಂದಿನ ಭಾನುವಾರ ನೈಟ್ ಡ್ಯೂಟಿ ಎಂಟಕ್ಕೆ ಮುಗಿಯುತ್ತದೆ. ನೇರ ಬಂದರೆ ಪ್ರಸಂಗದ ಹೊತ್ತಿಗೆ ನಿದ್ದೆ ಹೋಗ್ತೇನೆ.

ದೊಡ್ಡಮ್ಮ: ಹೋಗು. ತ್ರೋವದಲ್ಲಿ ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಕೂಡಿದ್ದಾಗ, ಪೌಲ ಮಾತಾಡುತ್ತಿದ್ದಂತೆಯೇ ಯೂತಿಕ ನಿದ್ದೆಹೋಗಿ ಕಿಟಕಿಯಿಂದ ಕೆಳಗೆ ಬಿದ್ದ. ಪೌಲ ಪ್ರಸಂಗ ನಿಲ್ಲಿಸಿ ಇಳಿದುಹೋಗಿ ಅವನನ್ನು ತಬ್ಬಿಕೊಂಡ. ಯಾರೂ ಬೈದದ್ದು ಬರೆದಿಲ್ಲ.

ಮಗಳು: ಬರ್ತೇನೆ. ಆದರೆ ಅಮ್ಮನ ವಿಷಯ ನಾನು ಮರೆತಿಲ್ಲ.

ದೊಡ್ಡಮ್ಮ: ಮರೆಯಬೇಡ. ಆರಾಧನೆ ಮುಗಿದ ಮೇಲೆ ಸಭಾಪಾಲಕರಿಗೂ ಹಿರಿಯರಿಗೂ ನೇರ ಹೇಳು. ನಾನೂ ನಿನ್ನ ಜೊತೆ ನಿಂತಿರ್ತೇನೆ.