ಕಿತ್ತಯ್ಯನಿಗೊಂದು ಕಲ್ಲು

2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಅಂದರೆ ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ದೊರೆತ ಅತಿ ಹಳೆಯ ಕನ್ನಡ ಶಾಸನವೆಂದು ಅದನ್ನು ಗುರುತಿಸುತ್ತಾರೆ. ರಟ್ಟರು ದಂಡೆತ್ತಿ ಬಂದಾಗ ಕಾದಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಮೇಲೆ ಫ್ಲೈಓವರ್ ಬಂತು, ವಿಮಾನ ನಿಲ್ದಾಣದ ರಸ್ತೆ ಬಂತು, ಟ್ರಾಫಿಕ್ಕೂ ಬಂತು. ಕೆಳಗೆ ಒಂದು ಹೆಸರು ಮಾತ್ರ ಅಳಿಯದೆ ಕೂತಿತ್ತಲ್ಲ! ಆ ಕಲ್ಲನ್ನು ಗುರುತಿಸಿ ನಮ್ಮ ಮುಂದಿಟ್ಟವರು ಸಂಬಳಕ್ಕೆ ದುಡಿದವರಲ್ಲ, ಶಾಸನಗಳ ಹುಚ್ಚು ಹಿಡಿದ ಹವ್ಯಾಸಿಗಳು.

ಹಗಲೆಲ್ಲ ಟೆಕ್ ಪಾರ್ಕಿನಲ್ಲಿ ಕಂಪನಿಯ ಕೋಡು ಬರೆದು, ರಾತ್ರಿ ಯಲಹಂಕದ್ದೋ ಆರ್.ಟಿ. ನಗರದ್ದೋ ಬಾಡಿಗೆ ಮನೆಯಲ್ಲಿ ಮುಕ್ತ ತಂತ್ರಾಂಶಕ್ಕೆ ಕಾಸಿಲ್ಲದ ಕೋಡು ಬರೆಯುವವರನ್ನು ಕಂಡಾಗ ನನಗೆ ಕಿತ್ತಯ್ಯ ನೆನಪಾಗುತ್ತಾನೆ. ಇವರಿಗೆ ಕಲ್ಲು ನೆಡುವವರು ಯಾರು?

ಇವರ ಕೆಲಸದ ಲೆಕ್ಕವೇನೋ ಬೇಕಾದಷ್ಟಿದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಜೊತೆ ಮಾಡಿದವರ ಹೆಸರು, ದಿನಾಂಕ, ಗಳಿಗೆ ಎಲ್ಲ ದಾಖಲಾಗುತ್ತದೆ. ಒಂದೇ ಆಜ್ಞೆ ಕೊಟ್ಟರೆ ಯಾರದು ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಎಂಬ ಪಟ್ಟಿ ಕೈಗೆ ಬರುತ್ತದೆ. ಆದರೆ ಎಣಿಸಲು ಹೊರಟಲ್ಲೇ ಎಡವಟ್ಟು. 2020ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕೇಳಿ ನಡೆದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಟೀ ಶರ್ಟ್ ಎಂದರು. ಕಡತಕ್ಕೊಂದು ಹೊಗಳಿಕೆಯ ಪದ ಸೇರಿಸಿ ‘ಇದೂ ನನ್ನ ಕೊಡುಗೆ’ ಎನ್ನುವವರು ಮುಗಿಬಿದ್ದರು; ತಿಂಗಳು ಮುಗಿಯುವ ಮೊದಲೇ ನಿಯಮ ಬದಲಿಸಬೇಕಾಯಿತು. ಆಪಲ್‌ನ ಬಿಲ್ ಅಟ್ಕಿನ್ಸನ್ 1982ರಲ್ಲೇ ಇಂಥ ಎಣಿಕೆಗೆ ಉತ್ತರ ಕೊಟ್ಟಿದ್ದರು. ವಾರಕ್ಕೆ ಎಷ್ಟು ಸಾಲು ಬರೆದಿರಿ ಎಂದು ಕೇಳುವ ನಮೂನೆಯಲ್ಲಿ ಅವರು ತುಂಬಿದ್ದು ಮೈನಸ್ 2000. ಕೋಡನ್ನು ಚೊಕ್ಕ ಮಾಡಿ ಅಷ್ಟು ಸಾಲು ಕಿತ್ತುಹಾಕಿದ್ದರು.

ಸಾಲಿನ ಎಣಿಕೆಗೆ ಸಿಗದ, ನಮ್ಮದೇ ಅಕ್ಷರದ ಒಂದು ಸೂಕ್ಷ್ಮ ನೋಡಿ. ‘ರ‍್ಯಾಂಕ್’ ಎಂದು ಬರೆಯಬೇಕು, ‘ರ್ಯಾಂಕ್’ ಎಂದು ಅರ್ಕಾವತ್ತು ಬರಬಾರದು. ಅದಕ್ಕಾಗಿ ರಕಾರದ ಪಕ್ಕ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಅಗಲವೂ ಇಲ್ಲ, ಆಕಾರವೂ ಇಲ್ಲ. ಅದನ್ನು ಕಂಡೊಡನೆ ಒತ್ತು ಕೆಳಗಿಳಿಯುವಂತೆ ಫಾಂಟಿಗೂ ತಂತ್ರಾಂಶಕ್ಕೂ ಯಾರೋ ಕೂತು ಕಲಿಸಿದ್ದಾರೆ. ಎಣಿಸಿದರೆ ಒಂದೆರಡು ಸಾಲಿರಬಹುದು. ಯಶವಂತಪುರದ ಅಂಗಡಿಯವ ವಾಟ್ಸಾಪಿನಲ್ಲಿ ಮಗಳ ರ‍್ಯಾಂಕಿನ ಸುದ್ದಿಯನ್ನು ತಪ್ಪಿಲ್ಲದೆ ಕಳಿಸುವುದು ಆ ಒಂದೆರಡು ಸಾಲಿನಿಂದ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸವೂ ಹಾಗೆಯೇ. ಯಾವ ಕೀಲಿಗೆ ಯಾವ ಅಕ್ಷರ ಎಂಬ ಜಾಣ್ಮೆಯ ಜೋಡಣೆ, ಅದೂ ಪುಕ್ಕಟೆ. ಸರ್ಕಾರ ಅದನ್ನೇ ಆಧರಿಸಿ ಶಿಷ್ಟ ವಿನ್ಯಾಸ ಮಾಡಿತು. ಅವರನ್ನು ನಾಡು ನಾಡೋಜ ಎಂದು ಗೌರವಿಸಿತು, ಸರಿ. ಉಳಿದವರು?

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನವರ ಒಂದು ಪದ್ಧತಿ ನನಗೆ ಮೆಚ್ಚುಗೆ. ಕೋಡು ಬರೆದವರ ಜೊತೆಗೆ ದೋಷ ತೋರಿಸಿದವರ, ಪರೀಕ್ಷಿಸಿದವರ, ಓದಿ ಒಪ್ಪಿದವರ ಹೆಸರನ್ನೂ ಅದೇ ಬದಲಾವಣೆಯ ಕೆಳಗೆ ನಮೂದಿಸುತ್ತಾರೆ. ವೀರಗಲ್ಲಿನ ಜಾಯಮಾನವೂ ಅದೇ ಅಲ್ಲವೇ: ಎಷ್ಟು ಎಂಬುದಲ್ಲ, ಯಾರು ಏನು ಮಾಡಿದರು ಎಂಬುದು. ನೋಮ್ (GNOME) ಎಂಬ ಡೆಸ್ಕ್‌ಟಾಪಿನ ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರ ಕಡತದಲ್ಲಿ ಇನ್ನೂ ಒಂದು ಸೊಗಸಿದೆ. ನೂರಾರು ಸಾಲುಗಳ ನಡುವೆ ಒಂದು ಸಾಲು ಅನುವಾದಕರ ಹೆಸರಿಗೇ ಮೀಸಲು. ಅಲ್ಲಿ ಬರೆದದ್ದು ತಂತ್ರಾಂಶದ ಪರಿಚಯದ (About) ಕಿಟಕಿಯಲ್ಲಿ ಮೂಡುತ್ತದೆ. ಆ ಕಿಟಕಿಯನ್ನು ತೆರೆಯುವವರೇ ಕಡಿಮೆ.

ಒಮ್ಮೆ ತೆರೆದು ನೋಡಿ. ಒತ್ತಕ್ಷರ ಎಲ್ಲಾದರೂ ತಪ್ಪಿ ಕಂಡರೆ ಬೈದು ಸುಮ್ಮನಾಗಬೇಡಿ, ದೋಷ ವರದಿ ಮಾಡಿ. ಸರಿಹೋದ ದಿನ ಮಾಡಿದವರಿಗೆ ಎರಡು ಸಾಲು ಬರೆಯಿರಿ. ‘ಥ್ಯಾಂಕ್ಸ್’ ಒಂದೇ ಸಾಲದು, ಅವರ ಕೆಲಸದಿಂದ ನಿಮಗೆ ಏನು ಸರಿಹೋಯಿತು ಎಂಬುದನ್ನೂ ತಿಳಿಸಿ.