ಮಿತವ್ಯಯದ ಮಿತಿ

ಮಿತವ್ಯಯವು ಸದ್ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ವ್ಯಸನವಾಗುವುದು ಯಾವಾಗ? ಪೆಟ್ರೋಲ್ ಎಂಜಿನ್ನಿನೊಡನೆ ವಿದ್ಯುತ್ ಮೋಟಾರನ್ನೂ ಪಡೆದ ಹೈಬ್ರಿಡ್ ಕಾರುಗಳು ಬಂದ ಮೇಲೆ, ಹನಿ ಹನಿ ಇಂಧನವನ್ನು ಉಳಿಸುವ ಚಾಲಕರ ಒಂದು ಪಂಥವೇ ಅಮೆರಿಕದಲ್ಲಿ ಬೆಳೆಯಿತು. ಇದಕ್ಕೆ ‘ಹೈಪರ್‌ಮೈಲಿಂಗ್’ ಎಂಬ ಹೆಸರನ್ನಿತ್ತವರು ವೇಯ್ನ್ ಗರ್ಡೆಸ್. 2008ರಲ್ಲಿ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟು ಇದನ್ನೇ ವರ್ಷದ ಪದವಾಗಿ ಆರಿಸಿತು.

ಈ ಸಾಧನೆಯಲ್ಲಿ ತಪಸ್ಸಿನ ಛಾಯೆಯಿದೆ. ಕೆಂಪು ದೀಪವನ್ನು ದೂರದಿಂದಲೇ ಕಂಡು ಕಾಲನ್ನು ಸಡಿಲಿಸುವುದು. ಕೊಂಚ ವೇಗ ಗಳಿಸಿ, ಬಳಿಕ ಎಂಜಿನ್ ನಿಂತಿರುವಂತೆಯೇ ತೇಲಿ ಸಾಗುವುದು. ಬ್ರೇಕನ್ನು ಆದಷ್ಟು ಮುಟ್ಟದಿರುವುದು. ಬ್ರೇಕ್ ಒತ್ತಿದಾಗ ಚಲನೆಯ ಶಕ್ತಿಯು ಬ್ಯಾಟರಿಗೆ ಮರಳುವುದಾದರೂ ಪೂರ್ತಿಯಾಗಿ ಮರಳದಷ್ಟೆ. ಇಷ್ಟು ಅವಧಾನ ನಮಗೆ ಪೂಜೆಯ ಹೊತ್ತಿನಲ್ಲಿಯೂ ಅಪರೂಪ!

ಆದರೆ ಕೆಲವರು ಗಾಳಿಯ ತಡೆಯನ್ನು ತಪ್ಪಿಸಿಕೊಳ್ಳಲು ದೊಡ್ಡ ಲಾರಿಯ ಬೆನ್ನಿಗೇ ಅಂಟಿಕೊಂಡು ಸಾಗುವರು. ಇಂಧನ ಉಳಿಯುವುದು ನಿಜ. ಲಾರಿ ಥಟ್ಟನೆ ನಿಂತರೆ? ದಾಸೋಹಕ್ಕೆಂದು ದಿನವೂ ಹಿಡಿ ಜೋಳವನ್ನು ಎತ್ತಿಡುವ ತಾಯಿಯ ಉಳಿತಾಯದಿಂದ ಯಾರಿಗೂ ಭಯವಿಲ್ಲ. ಅವಳ ಕಣ್ಣು ಉಣ್ಣುವವರ ಮೇಲಿದೆ. ಇವರ ಕಣ್ಣಾದರೋ ಫಲಕದ ಅಂಕಿಯ ಮೇಲೆ. ಹಿಂದಿನ ಸೀಟಿನಲ್ಲಿ ತನ್ನ ಮಗು ಕುಳಿತಿರುವ ದಿನವೂ ಆ ಚಾಲಕನು ಲಾರಿಗೆ ಅಷ್ಟೇ ಸಮೀಪ ಹೋಗುವನೇ ಎಂದು ಕೇಳಬೇಕೆನಿಸುತ್ತದೆ.